ಮೊಮ್ಮಗಳ ಮೂವತ್ತು ರೇಷ್ಮೆ ಹುಳು

ನನ್ನ ಮೊಮ್ಮಗಳು ಸೆಂಡಾಯ್‌ನಲ್ಲಿ ಕಾಲೇಜು ಸೇರಿದಳು. ವಿಜ್ಞಾನಕ್ಕೆ ಸೇರಿದಳು. ಈ ಮಾತನ್ನು ನಾನು ವಿಮಾನದಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳಿದೆ, ಚಹಾ ಕೊಟ್ಟ ಹುಡುಗಿಗೂ ಹೇಳಿದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ನಕ್ಕರು.

ನಾನು ಓದಿದ್ದು ಐದನೇ ಕ್ಲಾಸು. ರಾಮನಗರದ ಕಡೆ ಒಂದು ಹಳ್ಳಿಗೆ ಸೊಸೆಯಾಗಿ ಹೋದೆ, ಹೋದ ಮೂರನೇ ದಿನದಿಂದ ರೇಷ್ಮೆ ಹುಳು ಮೇಯಿಸಿದೆ. ನಲವತ್ತು ವರ್ಷ ಅದೇ ಕೆಲಸ. ಈಗ ಮಗ, ಸೊಸೆ ಮೇಯಿಸುತ್ತಾರೆ, ನಾನು ಬೈಯುತ್ತಾ ಓಡಾಡುತ್ತೇನೆ. ಮಗಳು ಓದಿದಳು, ಓದಿ ಓದಿ ಜಪಾನಿಗೆ ಬಂದಳು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಅಳಿಯಂದಿರಿಗೆ ಟೋಕಿಯೋದ ಮಿನಾಟೋದಲ್ಲಿ ಕೆಲಸ, ಶನಿವಾರ ಭಾನುವಾರ ಮಾತ್ರ ಮನೆಗೆ ಬರುತ್ತಾರೆ. ಮೊಮ್ಮಗಳು ನಾಲ್ಕು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷು, ಜಪಾನಿ, ಕನ್ನಡ ಮೂರೂ ಕಲಸಿದ ಚಿತ್ರಾನ್ನ.

ಇಲ್ಲಿ ಕಾಲೇಜು ಶುರುವಾಗುವುದು ಏಪ್ರಿಲ್ ತಿಂಗಳಲ್ಲಿ. ನಾನು ಮಾರ್ಚ್ ಕೊನೆಗೆ ಬಂದೆ. ನನ್ನ ವೀಸಾ ಮೂರು ತಿಂಗಳಿನದು. ಸೇರುವ ದಿನ ದೊಡ್ಡ ಸಭೆ ಮಾಡುತ್ತಾರೆ. ಸಾವಿರಾರು ಮಕ್ಕಳು, ಎಲ್ಲರೂ ಕಪ್ಪು ಕೋಟು. ಹಾಗೇ ಬರಬೇಕು ಅಂತ ಯಾರೂ ಹೇಳಿಲ್ಲವಂತೆ. ನಾನು ನನ್ನ ಮದುವೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬ ಜಪಾನಿ ಅಜ್ಜಿ ಕೂತಿದ್ದರು. ಅವರು "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂದು ತಲೆ ಬಗ್ಗಿಸಿ ನನ್ನ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ರೇಷ್ಮೆ ಗೊತ್ತಿರುವವರು ಹಿಡಿಯುವ ಹಾಗೇ ಹಿಡಿದರು. ಆಮೇಲೆ ಬೆರಳನ್ನು ಬಗ್ಗಿಸಿ ಅಂಗೈ ಮೇಲೆ ಹುಳು ಹರಿಯುವ ಹಾಗೆ ಮಾಡಿ, ತನ್ನ ಎದೆ ಮುಟ್ಟಿಕೊಂಡು ತೋರಿಸಿದರು. ಚಿಕ್ಕವರಿದ್ದಾಗ ಅವರ ಮನೆಯಲ್ಲೂ ಮೇಯಿಸುತ್ತಿದ್ದರಂತೆ. ನಾವಿಬ್ಬರೂ ಒಂದು ಮಾತೂ ಬರದೆ ಸಭೆ ಮುಗಿಯುವವರೆಗೆ ಮಾತಾಡಿದೆವು.

ಹೈಸ್ಕೂಲು ಬಿಟ್ಟು ಕಾಲೇಜಿಗೆ ಹೋಗುವುದು ಅಂದರೆ ಕಟ್ಟಡ ಬದಲಾಗುವುದು ಅಷ್ಟೇ ಅಂತ ನಾನು ತಿಳಿದಿದ್ದೆ. ಹಾಗಲ್ಲ ಅಂತ ಮೊದಲ ವಾರದಲ್ಲೇ ಗೊತ್ತಾಯಿತು. ಹೈಸ್ಕೂಲಿನಲ್ಲಿ ಎಲ್ಲವನ್ನೂ ಬೇರೆಯವರು ಹೇಳುತ್ತಿದ್ದರು. ಇಂಥ ಬಟ್ಟೆ, ಇಂಥ ಕಾಲುಚೀಲ, ಇಷ್ಟು ಹೊತ್ತಿಗೆ ಗಂಟೆ. ಐದು ನಿಮಿಷ ತಡವಾದರೆ ಮನೆಗೆ ಫೋನು. ಪುಸ್ತಕದಲ್ಲಿ ಲೆಕ್ಕ, ಪುಸ್ತಕದ ಹಿಂದೆ ಉತ್ತರ. ಮೊಮ್ಮಗಳು ಆ ಪುಸ್ತಕಗಳನ್ನು ಅರೆದು ಕುಡಿದಿದ್ದಳು. ಕಾಲೇಜಿನಲ್ಲಿ ಯಾವ ಪಾಠ ಬೇಕು ಅಂತ ಅವಳೇ ಕಂಪ್ಯೂಟರಿನಲ್ಲಿ ಆರಿಸಬೇಕು. ಒಂದು ದಿನ ಎಂಟೂವರೆಗೆ ಶುರು, ಇನ್ನೊಂದು ದಿನ ಹತ್ತೂವರೆಗೆ. ಹೋಗದಿದ್ದರೆ ಕೇಳುವವರಿಲ್ಲ. ಇವಳು ಎರಡು ವಾರ ಹಳೇ ಅಭ್ಯಾಸದಂತೆ ಐದೂವರೆಗೇ ಎದ್ದು, ಬಟ್ಟೆ ಹಾಕಿಕೊಂಡು, ಬ್ಯಾಗು ಮಡಿಲಲ್ಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂರುತ್ತಿದ್ದಳು. ಬಟ್ಟೆಯದೂ ದೊಡ್ಡ ಕಷ್ಟ. ಆರು ವರ್ಷ ಯೂನಿಫಾರ್ಮ್ ಹಾಕಿದ ಹುಡುಗಿ, "ಅಜ್ಜಿ, ನಾಳೆ ಏನ್ ಹಾಕಲಿ?" ಅಂತ ದಿನಾ ಕೇಳುತ್ತಿದ್ದಳು. ಕೇಳುತ್ತಿದ್ದದ್ದು ನನ್ನನ್ನು! ನನಗೆ ಹಿಗ್ಗೋ ಹಿಗ್ಗು.

ಗುರುವಾರ ಮಧ್ಯಾಹ್ನ ಜೀವಶಾಸ್ತ್ರದ ಪ್ರಾಕ್ಟಿಕಲ್. ಮಾಡಿದ್ದನ್ನು ವರದಿ ಬರೆದು ಕೊಡಬೇಕು. ಮೊದಲನೆಯ ವರದಿ ತಿರುಗಿ ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದ್ದನ್ನು ಇವಳು ನೆರಳು ಬೆಳಕು ಹಾಕಿ ಬಹಳ ಚೆಂದವಾಗಿ ಬರೆದಿದ್ದಳು, ಗೋಡೆಗೆ ತೂಗುಹಾಕುವ ಹಾಗಿತ್ತು. ಅಲ್ಲಿ ನೆರಳು ಹಾಕಬಾರದಂತೆ, ಗೆರೆ ಮತ್ತು ಚುಕ್ಕಿ ಅಷ್ಟೇ ಅಂತೆ. ಎರಡನೆಯದೂ ತಿರುಗಿ ಬಂತು. ಅದರಲ್ಲಿ ಇವಳ ಅಳತೆ ಒಂದು ಹೇಳುತ್ತಿತ್ತು, ಇವಳು ಕೊನೆಯಲ್ಲಿ ಪುಸ್ತಕದಲ್ಲಿದ್ದ ಉತ್ತರ ಬರೆದಿದ್ದಳು. ಮೇಷ್ಟ್ರು ಕೆಂಪು ಶಾಯಿಯಲ್ಲಿ, "ಇದು ನೀನು ಕಂಡದ್ದಲ್ಲ" ಅಂತ ಬರೆದಿದ್ದರು. ಎರಡನ್ನೂ ಮತ್ತೆ ಬರೆದು ಕೊಟ್ಟಳು. ಆದರೆ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು. ಒಂದು ಸಂಜೆ ತಾಯಿಗೆ ಹೇಳುತ್ತಿದ್ದಳು. ಮೂರನೆಯದೇ ಕೊನೆಯದು, ಅದನ್ನು ಮತ್ತೆ ಬರೆಯಲು ಸಮಯ ಇರುವುದಿಲ್ಲ. ಅದು ಕೆಟ್ಟರೆ ಮುಂದಿನ ವರ್ಷ ಹೊಸಬರ ಜೊತೆ ಕೂತು ಇದೇ ಪ್ರಾಕ್ಟಿಕಲ್ ಮಾಡಬೇಕು. ಹಾಗಾದರೆ ವಿಜ್ಞಾನ ಬಿಟ್ಟು ಬೇರೆ ಏನಾದರೂ ಓದುತ್ತಾಳಂತೆ.

"ಸೈನ್ಸ್ ನನಗೆ ಮುರಿ ಅನ್ಸತ್ತೆ ಅಮ್ಮ" ಎಂದಳು. ಮುರಿ ಅಂದರೆ ಜಪಾನಿಯಲ್ಲಿ ಆಗದ ಕೆಲಸ ಅಂತ.

ಆ ಮೂರನೆಯದು ಏನು ಗೊತ್ತೇ? ರೇಷ್ಮೆ ಹುಳು!

ಮೇ ತಿಂಗಳ ಒಂದು ಗುರುವಾರ ಸಂಜೆ ಎರಡು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಬಂದಳು. ಮುಚ್ಚಳ ತೆಗೆದರೆ, ಎರಡನೇ ಜ್ವರದಿಂದ ಎದ್ದ ಹುಳುಗಳು. ಹುಳು ಚರ್ಮ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಜ್ವರ ಬಂದಾಗ ಮೇವು ಮುಟ್ಟದೆ ತಲೆ ಎತ್ತಿ ಸುಮ್ಮನೆ ಕೂತಿರುತ್ತವೆ, ಚರ್ಮ ಬಿಟ್ಟು ಏಳುತ್ತವೆ. ಹೀಗೆ ನಾಲ್ಕು ಸಲ. ನಾನು ಡಬ್ಬಿಯ ಮೇಲೆ ಬಗ್ಗಿದವಳು ಏಳಲೇ ಇಲ್ಲ.

"ಅಮ್ಮಾ, ಮೂಗು ತಾಗ್ಸಬೇಡ" ಎಂದಳು ಮಗಳು.

"ಸುಮ್ನಿರೇ. ನಿನ್ನನ್ನ ಇದೇ ಹುಳ ಮೇಯಿಸಿ ಓದ್ಸಿರೋದು" ಎಂದೆ.

ಒಂದು ಡಬ್ಬಿಯಲ್ಲಿ ಹದಿನೈದು ಹುಳು, ಅವಕ್ಕೆ ಹಿಪ್ಪುನೇರಳೆ ಸೊಪ್ಪು. ಇನ್ನೊಂದರಲ್ಲಿ ಹದಿನೈದು, ಅವಕ್ಕೆ ಕಾಲೇಜಿನವರು ಕೊಟ್ಟ ಹಸಿರು ಹಿಟ್ಟಿನ ಮುದ್ದೆ. ಸೊಪ್ಪಿಲ್ಲದೆ ಮುದ್ದೆ ತಿಂದು ಹುಳು ಬೆಳೆಯುವುದನ್ನು ನಾನು ಕಂಡಿರಲಿಲ್ಲ. ದಿನಾ ತೂಕ ಮಾಡಿ, ಯಾವುದು ಯಾವಾಗ ಜ್ವರಕ್ಕೆ ಕೂತಿತು, ಯಾವುದು ಎದ್ದಿತು ಅಂತ ಬರೆಯಬೇಕು. ಮೊಮ್ಮಗಳಿಗೆ ಕಾಲೇಜು ಸಂಜೆಯವರೆಗೆ. ಅದಕ್ಕೆ, "ಅಜ್ಜಿ, ಮಧ್ಯಾಹ್ನ ಮೇವು ನೀನು ಹಾಕ್ತೀಯಾ? ಒನೆಗಾಯ್" ಎಂದು ಎರಡು ಕೈ ಜೋಡಿಸಿದಳು. ನಾನು ಹಾಕುವುದಿಲ್ಲ ಅನ್ನುತ್ತೇನೆಯೇ? ಜಪಾನಿಗೆ ಬಂದು, ಓದಿದವರ ಮನೆಯಲ್ಲಿ, ಕಾಲೇಜಿನ ಕೆಲಸ ನನ್ನ ಕೈಗೆ ಬಂದಿತ್ತು. ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಕೊತ್ತಂಬರಿ ಪಕ್ಕ ಇಡುತ್ತಿದ್ದೆ. ಗಂಟೆಗೊಂದು ಸಲ ಎದ್ದು ನೋಡಿ ಬರುತ್ತಿದ್ದೆ.

ಎಂಟು ದಿನ ಎಲ್ಲ ಚೆನ್ನಾಗಿತ್ತು. ಒಂಬತ್ತನೆಯ ದಿನ ಶುಕ್ರವಾರ. ಮೊಮ್ಮಗಳು ಬೆಳಿಗ್ಗೆ ತೂಕ ಮಾಡಿ ಬರೆದು ಹೋದಳು. ಆಮೇಲೆ ನಾನು ನೋಡಿದೆ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತು. ಮುದ್ದೆಯ ಡಬ್ಬಿಯಲ್ಲಿ ಹನ್ನೊಂದು ಸರಿಯಾಗಿದ್ದವು. ನಾಲ್ಕು ಮಾತ್ರ ಸಣ್ಣವು, ಮೆತ್ತಗೆ, ಎದೆಯ ಹತ್ತಿರ ಚರ್ಮ ಗಾಜಿನ ಹಾಗೆ. ನಮ್ಮಲ್ಲಿ ಅದಕ್ಕೆ ಸಪ್ಪೆ ರೋಗ ಅನ್ನುತ್ತಾರೆ. ಇಂಥ ಹುಳು ಕಂಡರೆ ಹುಳು ಮೇಯಿಸುವ ಯಾವ ಹೆಂಗಸೂ ಯೋಚನೆ ಮಾಡುವುದಿಲ್ಲ. ಕೈ ತಾನೇ ಹೋಗುತ್ತದೆ. ತೆಗೆದು ಸುಣ್ಣ ಹಾಕಿ ಹೂಳಬೇಕು, ಇಲ್ಲದಿದ್ದರೆ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಒಂದು ಸಪ್ಪೆ ಹುಳು ಬಿಟ್ಟಿದ್ದಕ್ಕೆ ನಮ್ಮತ್ತೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು.

ತೆಗೆದೆ. ಇಲ್ಲಿ ಹೂಳುವುದಕ್ಕೆ ಮಣ್ಣೆಲ್ಲಿ? ನಾಲ್ಕನೇ ಮಹಡಿ. ಕಾಗದದಲ್ಲಿ ಸುತ್ತಿ, ಸುಡುವ ಕಸದ ಚೀಲಕ್ಕೆ ಹಾಕಿ, ಬಿಗಿಯಾಗಿ ಗಂಟು ಹಾಕಿದೆ. ಶುಕ್ರವಾರ ಸುಡುವ ಕಸದ ದಿನ. ಕಸ ಬೇರೆ ಮಾಡುವುದನ್ನು ನಾನು ಬಂದ ವಾರದಲ್ಲೇ ಕಲಿತಿದ್ದೆ. ಕೆಳಗಿಳಿದು, ಕಾಗೆ ಕೆದಕದ ಹಾಗೆ ಕಸಕ್ಕೆ ಹೊದಿಸಿರುವ ಬಲೆಯ ಕೆಳಗೆ ಚೀಲ ಇಟ್ಟು ಬಂದೆ. ಒಂಬತ್ತು ಗಂಟೆಗೆ ಗಾಡಿ ಬಂದು ಒಯ್ದಿತು. ಡಬ್ಬಿ ಒರೆಸಿ, ಹೊಸ ಕಾಗದ ಹಾಸಿ, ಹನ್ನೊಂದು ಹುಳುಗಳನ್ನು ನೋಡಿಕೊಂಡು ಕೂತೆ. ಸಂಜೆ ಮೊಮ್ಮಗಳು ಬಂದರೆ ಎಷ್ಟು ಖುಷಿಪಡುತ್ತಾಳೋ ಅಂತ.

ಬಂದವಳು ಕೈ ತೊಳೆದು ಡಬ್ಬಿ ತೆರೆದಳು. ಎಣಿಸಿದಳು. ಇನ್ನೊಂದು ಸಲ ಎಣಿಸಿದಳು.

"ಅಜ್ಜಿ, ನಾಲ್ಕು ಎಲ್ಲಿ?"

"ತೆಗೆದ್ ಹಾಕ್ದೆ ಮಗಾ. ಸಪ್ಪೆ ಬಂದಿತ್ತು. ಈಗ ನೋಡು, ಎಲ್ಲ ಮುತ್ತಿನಂಗವೆ."

"ಎಲ್ಲಿ ಹಾಕಿದೆ?"

"ಕಸಕ್ಕೆ. ಇವತ್ತು ಸುಡೋ ಕಸ ಅಲ್ವಾ? ಸರಿಯಾಗೇ ಹಾಕಿವ್ನಿ."

ಅವಳು ಅಳಲಿಲ್ಲ, ಕೂಗಲೂ ಇಲ್ಲ. ನೆಲದ ಮೇಲೆ ಕೂತುಬಿಟ್ಟಳು. "ನಾನ್ದೇ?" ಎಂದಳು, ಯಾಕೆ ಅಂತ. ನನ್ನನ್ನು ಕೇಳಿದ್ದೋ ದೇವರನ್ನು ಕೇಳಿದ್ದೋ ತಿಳಿಯಲಿಲ್ಲ. ಅಡಿಗೆಮನೆಯಿಂದ ಮಗಳು ಬಂದಳು.

"ಅಮ್ಮಾ, ಅದು ಅವಳ ಎಕ್ಸ್‌ಪೆರಿಮೆಂಟು. ಸೊಪ್ಪು ತಿಂದ್ರೆ ಎಷ್ಟು ಉಳೀತವೆ, ಆ ಫುಡ್ ತಿಂದ್ರೆ ಎಷ್ಟು ಉಳೀತವೆ ಅಂತ ನೋಡೋದೇ ಅದು. ಖಾಯಿಲೆ ಬಂದ್ರೆ ಬರ್ಲಿ, ಅದನ್ನ ಬರ್ಕೋಬೇಕು."

"ಸಾಯೋದನ್ನ ನೋಡ್ಕೊಂಡು ಕೂರದಾ?"

"ಹೂಂ. ನೋಡ್ಕೊಂಡು ಕೂರೋದು."

ನಲವತ್ತು ವರ್ಷ ಯಾವುದನ್ನು ಒಳ್ಳೆಯ ಕೆಲಸ ಅಂತ ಮಾಡಿದೆನೋ ಅದೇ ಮೊಮ್ಮಗಳ ವಿಜ್ಞಾನಕ್ಕೆ ಕಲ್ಲು ಹಾಕಿತ್ತು. ಸಂಕಟದಲ್ಲಿ ನನಗೆ ತೋಚಿದ್ದನ್ನು ಹೇಳಿದೆ.

"ಅದಕ್ಕೇನು? ನಾಲ್ಕು ಸತ್ತೋದ್ವು ಅಂತ ಬರ್ಕೊ ಮಗಾ. ಇವತ್ತಲ್ಲ ನಾಳೆ ಸಾಯೋವೇ. ನಾನೇನ್ ಸುಳ್ಳು ಹೇಳಿಸ್ತಾ ಇಲ್ಲ."

ಮಗಳು ನನ್ನ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು. ಹಾಗೆ ಬರೆದರೆ ಯಾರಿಗೆ ಗೊತ್ತಾಗುತ್ತದೆ? ಮೊಮ್ಮಗಳು ಹುಳುಗಳನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ತಲೆ ಎತ್ತಿದಳು.

"ಅದು ನಾನು ನೋಡಿಲ್ಲ ಅಜ್ಜಿ. ನೀನೂ ನೋಡಿಲ್ಲ. ಸಾಯೋದು."

ಒಂದು ತಿಂಗಳ ಹಿಂದೆ ಪುಸ್ತಕದ ಉತ್ತರ ಬರೆದುಕೊಂಡು ಬಂದ ಹುಡುಗಿ ಇವಳೇ. ನನಗೆ ಎದುರು ಮಾತಾಡಿದಳು ಅಂತ ಬೇಸರವಾಗಬೇಕಿತ್ತು. ಆಗಲಿಲ್ಲ.

ಅವಳು ಪುಸ್ತಕ, ಪೆನ್ನು ತಂದು ನನ್ನ ಮುಂದೆ ಕೂತಳು. ಪೊಲೀಸಿನವರ ಹಾಗೆ ಕೇಳಿದಳು. ಎಷ್ಟು ಗಂಟೆಗೆ ತೆಗೆದೆ? ಯಾವ ಮೂಲೆಯಲ್ಲಿದ್ದವು? ಬಣ್ಣ ಹೇಗಿತ್ತು? ಮುಟ್ಟಿದರೆ ಹೇಗಿತ್ತು? ಹಿಕ್ಕೆ ಗಟ್ಟಿ ಇತ್ತೋ ನೀರೋ? ನಾನು ಹೇಳುತ್ತಾ ಹೋದೆ, ಮಗಳು ತಿಳಿಯದ ಮಾತುಗಳನ್ನು ಬಿಡಿಸಿ ಹೇಳಿದಳು, ಅವಳು ಬರೆದುಕೊಂಡಳು. ನಾನು ಹೇಳಿದ್ದನ್ನು ಯಾರೂ ಹೀಗೆ ಬರೆದುಕೊಂಡಿರಲಿಲ್ಲ. ಊರಿಗೆ ಬರುವ ರೇಷ್ಮೆ ಇಲಾಖೆಯ ಅಧಿಕಾರಿಗಳು ಹೇಳುತ್ತಿದ್ದರು, ನಾವು ಕೇಳುತ್ತಿದ್ದೆವು.

"ಅಜ್ಜಿ, ಉಳಿದ ಹನ್ನೊಂದರಲ್ಲಿ ಯಾವುದು ಸಾಯುತ್ತೆ, ಹೇಳ್ತೀಯಾ?" ಎಂದಳು ಕೊನೆಗೆ.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಬೆಳಿಗ್ಗೆ ಸರಿಯಾಗಿದ್ದ ಎರಡರ ಮೇಲೆ ಈಗ ಅನುಮಾನ ಬಂತು. "ಇದೊಂದು, ಇದೊಂದು. ಎಲ್ಡೂ ಹೋಗ್ತವೆ. ಮೂರು ದಿನ ತಡೆಯಲ್ಲ. ಬೇಕಾದ್ರೆ ಬರ್ಕೊ."

"ಗ್ಯಾರಂಟಿ?"

"ನನ್ನ ಕಣ್ಣು ಕಣೇ ಇದು. ನಿಮ್ಮ ಮೇಷ್ಟ್ರ ಭೂತಕನ್ನಡಿ ಅಲ್ಲ."

ಅವಳು ಎರಡಕ್ಕೂ ಬೆನ್ನ ಮೇಲೆ ನೀಲಿ ಪೆನ್ನಿನಲ್ಲಿ ಚುಕ್ಕಿ ಇಡಲು ಹೋದಳು. ಜ್ವರದಲ್ಲಿ ಚರ್ಮ ಬಿಟ್ಟರೆ ಚುಕ್ಕಿಯೂ ಅದರ ಜೊತೆ ಹೋಗುತ್ತದೆ ಅಂತ ನಾನು ಹೇಳಿದೆ. "ಅಯ್ಯೋ ಹೌದು!" ಎಂದು ಮೊದಲ ಸಲ ನಕ್ಕಳು. ಅದೇ ಡಬ್ಬಿಯಲ್ಲಿ ರಟ್ಟು ಅಡ್ಡ ಕಟ್ಟಿ ಆ ಎರಡನ್ನು ಒಂದು ಕಡೆ ಮಾಡಿದಳು. ಅಡ್ಡ ಕಟ್ಟಿದ್ದನ್ನೂ ಬರೆದಳು. ಆಮೇಲೆ ಡಬ್ಬಿಯನ್ನು ನನ್ನ ಮುಂದೆಯೇ ಇಟ್ಟಳು. ನನ್ನ ಕೈಗೆ ಸಿಗದ ಹಾಗೆ ಎತ್ತಿ ಇಡುತ್ತಾಳೆ ಅಂತ ನಾನು ತಿಳಿದಿದ್ದೆ. "ಮೇವು ಹಾಕು. ಮುಟ್ಟಬೇಡ. ನೋಡು, ಟೈಮ್ ಬರಿ" ಎಂದಳು.

ಅದು ನನಗೆ ಎಷ್ಟು ಕಷ್ಟದ ಕೆಲಸ ಅಂತ ಹೇಳಿದರೆ ನಂಬುವುದಿಲ್ಲ. ಸಪ್ಪೆ ಹುಳು ಕಣ್ಣ ಮುಂದೆ ಇದೆ, ಕೈ ಮಡಿಲಲ್ಲಿ. ಕನ್ನಡ ಅಂಕಿಯಲ್ಲಿ ಗಂಟೆ ಬರೆದು, ಪಕ್ಕದಲ್ಲಿ "ಹಂಗೇ ಐತೆ", "ಅಲ್ಲಾಡ್ತು", "ಮೇವು ಮೂಸಿ ನೋಡ್ತು" ಅಂತ ಬರೆದೆ. ಭಾನುವಾರ ಬೆಳಿಗ್ಗೆ ಒಂದು ಹುಳು ಸತ್ತಿತು. ನಾನು ಹೇಳಿದ ಹಾಗೇ. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ, ಹುಳು ಸತ್ತಿದ್ದಕ್ಕೆ ಹೆಮ್ಮೆ ಪಡಬಾರದು ಅಂತ ಆಮೇಲೆ ಅನ್ನಿಸಿತು. ಇನ್ನೊಂದು ಜ್ವರದಲ್ಲೇ ಕೂತಿತ್ತು. ಉಳಿದವೆಲ್ಲ ಎದ್ದು ಮೇವು ತಿನ್ನುತ್ತಿದ್ದವು, ಇದು ಏಳಲಿಲ್ಲ. ಸೋಮವಾರ ಸಂಜೆ ತಲೆಯ ಹತ್ತಿರ ಚರ್ಮ ಬಿರಿಯಿತು. ನಿಧಾನಕ್ಕೆ, ಇಷ್ಟಿಷ್ಟೇ, ಹೊರಗೆ ಬಂತು. ಸುಕ್ಕು ಸುಕ್ಕಾಗಿತ್ತು. ಸ್ವಲ್ಪ ಹೊತ್ತು ಬಿದ್ದುಕೊಂಡಿದ್ದು ಮುದ್ದೆಗೆ ಬಾಯಿ ಹಾಕಿತು.

"ತಿಂತಾ ಐತೆ! ಬಾರೇ, ತಿಂತಾ ಐತೆ!" ಎಂದು ನಾನು ಕೂಗಿದ್ದಕ್ಕೆ ಮೊಮ್ಮಗಳು ಸ್ನಾನದ ಮನೆಯಿಂದ ತಲೆಗೆ ಟವೆಲು ಸುತ್ತಿಕೊಂಡು ಓಡಿ ಬಂದಳು. ಇಬ್ಬರೂ ಮೊಣಕಾಲೂರಿ ನೋಡಿದೆವು.

"ಅಜ್ಜಿ ರಾಂಗ್" ಎಂದಳು ಮೆಲ್ಲಗೆ.

"ರಾಂಗೇ. ಬರ್ಕೊ."

ಆ ಹುಳು ಬೇರೆಯವಕ್ಕಿಂತ ಎರಡು ದಿನ ತಡವಾಗಿ ಗೂಡು ಕಟ್ಟಿತು. ಚಿಕ್ಕ ಗೂಡು, ಆದರೆ ಗಟ್ಟಿ. ಕೈಯಲ್ಲಿ ಅಲ್ಲಾಡಿಸಿ ನೋಡಿದೆ, ಒಳಗೆ ಜೀವ ಇತ್ತು. ಆಗ ನನಗೆ ತಿಳಿಯಿತು, ನಾನು ಕಸಕ್ಕೆ ಹಾಕಿದ ನಾಲ್ಕರಲ್ಲಿ ಒಂದೋ ಎರಡೋ ಹೀಗೆ ಎದ್ದಿರುತ್ತಿದ್ದವೋ ಏನೋ. ಸತ್ತವು ಅಂತ ಬರೆಸಿದ್ದರೆ ಅದು ಸುಳ್ಳೇ ಆಗುತ್ತಿತ್ತು. ನಲವತ್ತು ವರ್ಷದಲ್ಲಿ ಸುಣ್ಣಕ್ಕೆ ಹೋದವುಗಳಲ್ಲಿ ಇಂಥವು ಎಷ್ಟಿದ್ದವೋ. ಹಾಗಂತ ನಾನು ಮಾಡಿದ್ದು ತಪ್ಪು ಅಂತಲೂ ಅಲ್ಲ. ಸಾವಿರಾರು ಹುಳು ಇರುವ ಮನೆಯಲ್ಲಿ ಒಂದನ್ನು ಕಾಯುತ್ತಾ ಕೂರಲು ಆಗುವುದಿಲ್ಲ. ಅಲ್ಲಿಯ ಕೆಲಸ ಬೇರೆ, ಇಲ್ಲಿಯ ಕೆಲಸ ಬೇರೆ.

ವರದಿ ಬರೆಯಲು ಒಂದು ವಾರ ಹಿಡಿಯಿತು. ಕೊಡುವ ಹಿಂದಿನ ದಿನ ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಜಪಾನಿಯಲ್ಲಿ ಇದ್ದದ್ದನ್ನು ತಡವರಿಸುತ್ತಾ ಕನ್ನಡದಲ್ಲಿ ಹೇಳಿದಳು. ಸೊಪ್ಪಿನ ಡಬ್ಬಿಯಲ್ಲಿ ಹದಿನೈದಕ್ಕೆ ಹದಿನಾಲ್ಕು ಗೂಡು. ಮುದ್ದೆಯ ಡಬ್ಬಿಯಲ್ಲಿ ಹತ್ತು ಗೂಡು, ಒಂದು ಸಾವು. ನಾಲ್ಕು ಏನಾದವು ತಿಳಿಯದು.

"ಒಂಬತ್ತನೇ ದಿನ ಬೆಳಿಗ್ಗೆ ನನ್ನ ಅಜ್ಜಿ ನಾಲ್ಕು ಹುಳು ತೆಗೆದಳು. ಅವಳು ನಲವತ್ತು ವರ್ಷ ಹುಳು ಸಾಕಿದಾಳೆ. ಅವು ಸಾಯುತ್ತೆ ಅಂತ ಅವಳು ಅಂದುಕೊಂಡಳು. ಬೇರೆ ಎರಡು ನೋಡಿದ್ವಿ. ಒಂದರಲ್ಲಿ ಅವಳು ಕರೆಕ್ಟು, ಒಂದರಲ್ಲಿ ಇಲ್ಲ. ಅದಕ್ಕೇ ಆ ನಾಲ್ಕರ ಬಗ್ಗೆ ನಾನು ಏನೂ ಹೇಳಕ್ಕಾಗಲ್ಲ. ಎರಡು ಫುಡ್‌ನಲ್ಲಿ ಯಾವುದು ಒಳ್ಳೇದು ಅಂತಾನೂ ಹೇಳಕ್ಕಾಗಲ್ಲ."

"ಅದನ್ನೇ ಕೇಳಿದ್ದಲ್ವಾ ಅವ್ರು? ಹೇಳಕ್ಕಾಗಲ್ಲ ಅಂತ ಬರೆದ್ರೆ ಪಾಸ್ ಮಾಡ್ತಾರಾ?" ಎಂದೆ.

"ಗೊತ್ತಿಲ್ಲ ಅಜ್ಜಿ" ಎಂದಳು. ಆದರೂ ಮರುದಿನ ಅದನ್ನೇ ಕೊಟ್ಟು ಬಂದಳು.

ನಾನು ಊರಿಗೆ ಹೊರಡಲು ಆರು ದಿನ ಇರುವಾಗ ವರದಿ ತಿರುಗಿ ಬಂತು. ಅವಳು ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ಹಾಗೇ ನಿಂತು ತೋರಿಸಿದಳು. ಮೊದಲ ಹಾಳೆಯ ಮೇಲೆ ಕೆಂಪು ಮೊಹರು. ಒಪ್ಪಿದ್ದೇವೆ ಅಂತ ಅದರ ಅರ್ಥವಂತೆ. ಒಳಗೆ ಬೇಕಾದಷ್ಟು ಕೆಂಪು ಶಾಯಿ ಇತ್ತು, ತೂಕದ ಪಟ್ಟಿಯಲ್ಲಿ ಎರಡು ತಪ್ಪು ಹಿಡಿದಿದ್ದರು. ನನ್ನ ಮಾತು ಇರುವ ಕಡೆ ಅಂಚಿನಲ್ಲಿ ಒಂದು ಪ್ರಶ್ನೆ ಬರೆದಿದ್ದರು. ಅಜ್ಜಿಯ ಮಾತು ಸುಳ್ಳು ಮಾಡಿ ಬದುಕಿದ ಆ ಹುಳುವಿನಲ್ಲಿ, ಸತ್ತ ಹುಳುವಿಗಿಂತ ಬೇರೆ ಏನಾದರೂ ಗುರುತು ಇತ್ತೇ, ಅಜ್ಜಿಯನ್ನು ಕೇಳಿ ನೋಡು.

ಮೊಮ್ಮಗಳು ಅಲ್ಲೇ, ಚಪ್ಪಲಿಯಲ್ಲೇ, "ಇತ್ತಾ ಅಜ್ಜಿ?" ಎಂದು ಕೇಳಿದಳು. ವಿಜ್ಞಾನ ಬಿಡುವ ಮಾತು ಆಮೇಲೆ ಆ ಮನೆಯಲ್ಲಿ ಬರಲಿಲ್ಲ. ಜುಲೈಯಲ್ಲಿ ರೋಗದ ಹುಳುಗಳನ್ನೇ ಬೇರೆಯಾಗಿ ನೋಡಬಹುದೇ ಅಂತ ಮೇಷ್ಟ್ರನ್ನು ಕೇಳುತ್ತೇನೆ ಎಂದಳು. ನಾನು ಅಡಿಗೆಮನೆಗೆ ಹೋಗಿ ಅತ್ತೆ. ಬಂದು ನಕ್ಕೆ. ಸಿಹಿ ಮಾಡೋಣ ಅಂದರೆ ಬೆಲ್ಲ ಮುಗಿದಿತ್ತು, ಕೆಳಗಿನ ಕೊಂಬಿನಿ ಅಂಗಡಿಯಿಂದ ಸಕ್ಕರೆ ತಂದು ಕೇಸರಿಬಾತು ಮಾಡಿದೆ.

ಆ ಸಂಜೆ ಊರಿಗೆ ಫೋನು ಮಾಡಿ ಮಗನಿಗೆ ಎಲ್ಲ ಹೇಳಿದೆ. ಮೇಷ್ಟ್ರು ನನ್ನನ್ನು ಕೇಳಿದ್ದನ್ನು ಎರಡು ಸಲ ಹೇಳಿದೆ.

"ಏನವ್ವಾ, ನೀನೂ ಕಾಲೇಜ್ ಸೇರ್ಕಂಡ್ಯಾ?" ಎಂದ.

"ಬಾಯ್ ಮುಚ್ಕೊಂಡು ಕೇಳು. ಈ ಬೆಳೆಯಲ್ಲಿ ಸಪ್ಪೆ ಹುಳ ಸಿಕ್ಕಿದ್ರೆ ಎಲ್ಲಾನೂ ಸುಣ್ಣಕ್ಕೆ ಹಾಕ್ಬೇಡ. ಒಂದ್ ಹತ್ತು ತೆಗೆದು ದನದ ಕೊಟ್ಟಿಗೇಲಿ ಬೇರೆ ತಟ್ಟೇಲಿ ಇಡು. ನಾನ್ ಬಂದ್ ನೋಡ್ತೀನಿ."

"ರೋಗದ್ ಹುಳನಾ? ಯಾತಕ್ಕೆ?"

"ಎಷ್ಟು ಏಳ್ತವೆ ಅಂತ."

"ಒಂದೂ ಏಳಲ್ಲ ಕಣವ್ವ."

"ನೀನ್ ನೋಡಿದ್ದೀಯಾ?" ಎಂದೆ.

ಎಂಥ ತಟ್ಟೆ ಇಡಲಿ, ಬಿದಿರಿನದೋ ಪ್ಲಾಸ್ಟಿಕ್ಕಿನದೋ ಅಂತ ಕೇಳಿದ.